ಮನೆಮಂದಿಯೊಂದಿಗೆ ದಸರಾ ಚಲನಚಿತ್ರೋತ್ಸವಕ್ಕೆ ಒಂದು ದಿನ: ಹೋಗಿಬಂದವರ ಅನುಭವಗಳು

ಪ್ರಶ್ನೆ (ಮಂಡ್ಯದಿಂದ):
ಈ ಬಾರಿ ದಸರಾ ಚಲನಚಿತ್ರೋತ್ಸವಕ್ಕೆಂದೇ ಒಂದು ದಿನ ಮೈಸೂರಿಗೆ ಬರಬೇಕೆಂದಿದ್ದೇವೆ. ಎಪ್ಪತ್ತರ ಆಸುಪಾಸಿನ ತಾಯಿ, ಪತ್ನಿ, ಎಂಟು ಮತ್ತು ಹದಿನಾಲ್ಕು ವರ್ಷದ ಮಕ್ಕಳು ಜೊತೆಗಿರುತ್ತಾರೆ. ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು, ಸಕ್ಕರೆ ಕಾಯಿಲೆಯೂ ಇದೆ. ಒಂದು ದಿನದಲ್ಲಿ ಎಷ್ಟು ಚಿತ್ರ ನೋಡಬಹುದು, ಮಕ್ಕಳನ್ನು ಎಲ್ಲ ಪ್ರದರ್ಶನಕ್ಕೂ ಬಿಡುತ್ತಾರೆಯೇ, ಊಟ ತಿಂಡಿಗೆ ಏನು ಮಾಡುವುದು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಕುವೆಂಪುನಗರ, ಮೈಸೂರು):
ನಾಲ್ಕು ಚಿತ್ರಗಳ ಯೋಜನೆ ಹಾಕಿಕೊಳ್ಳಬೇಡಿ. ಒಬ್ಬರೇ ಬಂದರೆ ಅದು ಸಾಧ್ಯ, ಆದರೆ ಮನೆಮಂದಿಯೆಲ್ಲ ಬಂದಾಗ ಬೆಳಿಗ್ಗೆ ಒಂದು, ಮಧ್ಯಾಹ್ನ ಊಟವಾಗಿ ವಿಶ್ರಮಿಸಿದ ಮೇಲೆ ಇನ್ನೊಂದು, ಇಷ್ಟೇ ಹಿತ. ಮೂರನೆಯದನ್ನು ನಿಮಗೆ ಮತ್ತು ನಿಮ್ಮ ದೊಡ್ಡ ಮಗುವಿಗೆ ಮಾತ್ರ ಮೀಸಲಿಟ್ಟುಕೊಳ್ಳಿ. ಐದು ಜನರೂ ಒಂದೇ ಚಿತ್ರವನ್ನು ಅಕ್ಕಪಕ್ಕ ಕುಳಿತು ನೋಡಲೇಬೇಕೆಂಬ ಹಟ ಬಿಟ್ಟರೆ ಎಲ್ಲರಿಗೂ ದಿನ ಚೆನ್ನಾಗಿ ಕಳೆಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಹೊತ್ತಿಗೆ ಬೇರೆಬೇರೆ ಪರದೆಗಳಲ್ಲಿ ಬೇರೆಬೇರೆ ಚಿತ್ರಗಳು ನಡೆಯುವುದರಿಂದ, ಇಬ್ಬರು ಕನ್ನಡ ಚಿತ್ರಕ್ಕೆ, ಮೂವರು ಹೊರದೇಶದ ಚಿತ್ರಕ್ಕೆ ಹೋಗಿ ಊಟದ ಹೊತ್ತಿಗೆ ಕೂಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ಊಟದ ಮೇಜಿನ ಮಾತು ಮುಗಿಯುವಂತೆಯೇ ಇರಲಿಲ್ಲ, ಏಕೆಂದರೆ ಒಬ್ಬರು ನೋಡಿದ ಕಥೆಯನ್ನು ಇನ್ನೊಬ್ಬರು ಕೇಳಬೇಕಿತ್ತು.

ಇನ್ನು ಸ್ಥಳದ ವಿಚಾರ. ಹಿಂದಿನ ವರ್ಷಗಳಲ್ಲಿ ಪ್ರದರ್ಶನಗಳು ಮಾಲ್ ಆಫ್ ಮೈಸೂರಿನ ಐನಾಕ್ಸ್ ಮತ್ತು ಜಯಲಕ್ಷ್ಮೀಪುರಂನ ಬಿ.ಎಂ. ಹ್ಯಾಬಿಟಾಟ್ ಮಾಲ್‌ನಲ್ಲಿರುವ ಡಿಆರ್‌ಸಿ ಚಿತ್ರಮಂದಿರಗಳಲ್ಲಿ ನಡೆದಿವೆ. ಇವೆರಡೂ ಊರಿನ ಎರಡು ದಿಕ್ಕಿನಲ್ಲಿದ್ದು, ದಸರೆಯ ದಿನಗಳಲ್ಲಿ ನಡುವಿನ ಅರಮನೆ ಸುತ್ತಲಿನ ರಸ್ತೆಗಳನ್ನು ದಾಟುವುದು ಸುಲಭವಲ್ಲ. ಸಂಜೆಯಾದರೆ ಹಲವು ರಸ್ತೆಗಳು ಏಕಮುಖ ಸಂಚಾರಕ್ಕೆ ಒಳಪಡುತ್ತವೆ. ಆದ್ದರಿಂದ ವೇಳಾಪಟ್ಟಿ ಪ್ರಕಟವಾದ ಕೂಡಲೇ ಒಂದೇ ಕಟ್ಟಡದಲ್ಲಿ ದಿನ ಪೂರ್ತಿಯಾಗುವಂತೆ ಚಿತ್ರಗಳನ್ನು ಆರಿಸಿಕೊಳ್ಳಿ. ಮಾಲ್ ಆಫ್ ಮೈಸೂರಿನಲ್ಲಿದ್ದರೆ ಮೃಗಾಲಯ ಮತ್ತು ಕಾರಂಜಿ ಕೆರೆ ದೂರವಿಲ್ಲ. ಚಿಕ್ಕ ಮಗುವಿಗೆ ಎರಡನೆಯ ಚಿತ್ರ ಬೇಡವೆನಿಸಿದರೆ ನಿಮ್ಮಲ್ಲೊಬ್ಬರು ಅಲ್ಲಿಗೆ ಕರೆದುಕೊಂಡು ಹೋಗಬಹುದು.

ಪಾಸ್ ಇದ್ದರೂ ಆಸನ ಕಾಯ್ದಿರಿಸಿದಂತಾಗುವುದಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ಕ್ರಮವಿದ್ದಾಗ ಹೆಸರಾದ ಚಿತ್ರಗಳಿಗೆ ಅರ್ಧ ಗಂಟೆ ಮುಂಚೆಯೇ ಸರದಿ ಬೆಳೆದಿರುತ್ತದೆ. ತಾಯಿಯವರನ್ನು ಸರದಿಯಲ್ಲಿ ನಿಲ್ಲಿಸದೆ ಹೊರಗೆ ಕೂರಿಸಿ, ಬಾಗಿಲು ತೆರೆದಾಗ ಕರೆದುಕೊಳ್ಳಿ.

ಉತ್ತರ (ಮದ್ದೂರು):
ನಿಮ್ಮ ತಾಯಿಯವರ ಬಗ್ಗೆ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಅತ್ತೆಯವರನ್ನು ನಾವು ಹೀಗೆಯೇ ಕರೆದುಕೊಂಡು ಹೋಗಿದ್ದೆವು. ಹೊರದೇಶದ ಚಿತ್ರಗಳಿಗೆ ಪರದೆಯ ಕೆಳಗೆ ಬರುವ ಸಾಲುಗಳು ಇಂಗ್ಲಿಷಿನಲ್ಲಿರುತ್ತವೆ. ಓದಿ ಹೇಳೋಣವೆಂದರೆ ಪಿಸುಮಾತೂ ಮುಂದಿನ ಸಾಲಿನವರೆಗೆ ಕೇಳಿಸುತ್ತದೆ. ಅದರ ಬದಲು, ಮಾತು ಕಡಿಮೆಯಿರುವ ಒಂದು ಚಿತ್ರವನ್ನು ಆರಿಸಿ, ಕೈಪಿಡಿಯಲ್ಲಿದ್ದ ನಾಲ್ಕು ಸಾಲಿನ ಸಾರಾಂಶವನ್ನು ನನ್ನ ಮಗಳು ಒಳಗೆ ಹೋಗುವ ಮುನ್ನವೇ ಅಜ್ಜಿಗೆ ಕಥೆಯಂತೆ ಹೇಳಿದಳು: ಯಾರು ಯಾರಿಗೆ ಏನಾಗಬೇಕು, ಮನೆ ಯಾವುದು, ಜಗಳ ಯಾವುದಕ್ಕೆ. ಅಷ್ಟು ತಿಳಿದಿದ್ದರೆ ಸಾಕು, ಮುಖಗಳೇ ಉಳಿದುದನ್ನು ಹೇಳುತ್ತವೆ. ಕತ್ತಲೆಯಲ್ಲಿ ನನ್ನ ಮುಂಗೈ ಹಿಡಿದುಕೊಂಡಿದ್ದ ಅತ್ತೆಯವರು, ತೆರೆಯ ಮೇಲಿನ ಮುದುಕಿ ಮಗನ ಅಂಗಿಯನ್ನು ಮಡಿಸಿಡುವ ದೃಶ್ಯಕ್ಕೆ ನನಗಿಂತ ಮೊದಲೇ ಕಣ್ಣೊರೆಸಿಕೊಂಡರು. ಭಾಷೆ ಬಾರದವರಿಗೆ ಇಂತಹ ಚಿತ್ರವೇ ಬೇಡವೆಂದು ದಯವಿಟ್ಟು ಮೊದಲೇ ತೀರ್ಮಾನಿಸಬೇಡಿ.

ಒಳಗೆ ಎಸಿಯ ಚಳಿ ಹೆಚ್ಚು, ಒಂದು ಶಾಲು ಕೈಯಲ್ಲಿರಲಿ. ಸಾಲಿನ ತುದಿಯ ಆಸನ ಹಿಡಿಯಿರಿ. ಅನೇಕ ಹೊರದೇಶದ ಚಿತ್ರಗಳಿಗೆ ಮಧ್ಯಂತರವೇ ಇರುವುದಿಲ್ಲವಾದ್ದರಿಂದ ಸಕ್ಕರೆ ಕಾಯಿಲೆಯವರು ನಡುವೆ ಎದ್ದು ಹೋಗಬೇಕಾಗುವುದು ಸಹಜ. ಹೊರಗಿನ ತಿಂಡಿಯನ್ನು ನಿರ್ಬಂಧಿಸುವ ಹಕ್ಕು ಚಿತ್ರಮಂದಿರದವರಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆದರೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕೆಂದೂ, ಶಿಶುಗಳಿಗಾಗಿ ಪೋಷಕರು ತರುವ ಆಹಾರವನ್ನು ತಡೆಯಬಾರದೆಂದೂ ಅದೇ ತೀರ್ಪಿನಲ್ಲಿದೆ. ತಾಯಿಯವರ ಮಾತ್ರೆ, ಬಿಸ್ಕತ್ತುಗಳನ್ನು ಬಚ್ಚಿಡದೆ, ತಪಾಸಣೆಯ ಜಾಗದಲ್ಲಿಯೇ ತೋರಿಸಿ, ಕಾಯಿಲೆಯ ವಿಷಯ ಹೇಳಿ ಕೇಳಿಕೊಳ್ಳಿ. ಊಟವನ್ನು ಮಾತ್ರ ಹೊರಗೆ ಹೋಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಮುಗಿಸಿಬಿಡಿ.

ಉತ್ತರ (ಸರಸ್ವತಿಪುರಂ, ಶಾಲಾ ಶಿಕ್ಷಕಿ):
ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚಿತ್ರೋತ್ಸವದಲ್ಲಿ ಎರಡು ಬಗೆಯ ಚಿತ್ರಗಳು ಇರಬಹುದು: ಸೆನ್ಸಾರ್ ಪ್ರಮಾಣಪತ್ರ ಪಡೆದು ಈಗಾಗಲೇ ಬಿಡುಗಡೆಯಾದವು, ಮತ್ತು ಕೇಂದ್ರ ಸರ್ಕಾರದ ವಿನಾಯಿತಿಯ ಮೇಲೆ ಪ್ರಮಾಣಪತ್ರವಿಲ್ಲದೆ ತೋರಿಸುವವು. ಎರಡನೆಯ ಬಗೆಯ ಚಿತ್ರಗಳೇ ಹೆಚ್ಚಿರುವ ದೊಡ್ಡ ಅಂತರರಾಷ್ಟ್ರೀಯ ಉತ್ಸವಗಳಲ್ಲಿ ಪ್ರತಿನಿಧಿಗಳಿಗೆ (ಪಾಸ್ ಪಡೆದು ಚಿತ್ರ ನೋಡುವವರಿಗೆ) ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಮಕ್ಕಳನ್ನು ಬಾಗಿಲಿನಲ್ಲಿಯೇ ತಡೆಯುತ್ತಾರೆ. ಪ್ರಮಾಣಪತ್ರ ಪಡೆದ ಚಿತ್ರಗಳಿಗೆ ಈಗ 2024ರ ನಿಯಮಗಳಂತೆ ಯುಎ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ) ವರ್ಗದಲ್ಲಿ 7+, 13+, 16+ ಎಂಬ ಮೂರು ಮಟ್ಟಗಳಿವೆ. ಇವು ಹೆತ್ತವರ ತಿಳಿವಳಿಕೆಗಾಗಿ ಇರುವ ಸೂಚನೆಗಳು, ಮಕ್ಕಳಿಗೆ ಪ್ರವೇಶ ನಿಷೇಧವಿರುವುದು ‘ಎ’ (ವಯಸ್ಕರ) ಚಿತ್ರಗಳಿಗೆ. ನಿಮ್ಮ ಇಬ್ಬರು ಮಕ್ಕಳನ್ನೂ ಒಟ್ಟಿಗೆ ಕೂರಿಸುವುದಾದರೆ ‘ಯು’ (ಎಲ್ಲರೂ ನೋಡಬಹುದಾದ) ಅಥವಾ ‘ಯುಎ 7+’ ಚಿತ್ರವನ್ನು ಹುಡುಕಿ. ಹಳೆಯ ಚಿತ್ರಗಳಲ್ಲಿ ಈ ಮಟ್ಟಗಳು ಇರುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ಸಂಘಟಕರನ್ನೇ ಕೇಳಿ ತಿಳಿದುಕೊಳ್ಳಿ.

ಎಂಟು ವರ್ಷದ ಮಗುವಿಗೆ ನಾನು ಶಿಫಾರಸು ಮಾಡುವುದು ಕಿರುಚಿತ್ರಗಳ ವಿಭಾಗವನ್ನು. ದಸರಾ ಉತ್ಸವದ ಅಂಗವಾಗಿ ಕಿರುಚಿತ್ರ ಸ್ಪರ್ಧೆಯೂ ನಡೆಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಂದು ಕಥೆ ಮುಗಿಯುವುದರಿಂದ ಮಕ್ಕಳಿಗೆ ಬೇಸರವಾಗುವುದಿಲ್ಲ, ಬೇಸರವಾದರೂ ಒಂದರ ಕೊನೆಗೆ ಎದ್ದು ಬರಬಹುದು. ನಿರ್ದೇಶಕರೊಂದಿಗೆ ಸಂವಾದವಿದ್ದರೆ ದಯವಿಟ್ಟು ಮಕ್ಕಳನ್ನು ಉಳಿಸಿಕೊಳ್ಳಿ. ನಾನು ಕಂಡ ಒಂದು ಸಂವಾದದಲ್ಲಿ, ಮಳೆಯ ದೃಶ್ಯದಲ್ಲಿ ನಾಯಿಗೆ ನೆಗಡಿಯಾಗಲಿಲ್ಲವೇ ಎಂದು ಒಬ್ಬ ಹುಡುಗ ಕೇಳಿದಾಗ, ಟ್ಯಾಂಕರ್ ನೀರಿನಿಂದ ಮಳೆ ಸುರಿಸಿದ್ದನ್ನೂ, ನಾಯಿಯನ್ನು ಪ್ರತಿ ಸಲ ಒರೆಸಿ ಬೆಚ್ಚಗಿಟ್ಟಿದ್ದನ್ನೂ ಆ ನಿರ್ದೇಶಕರು ಬಹಳ ಗೌರವದಿಂದ ವಿವರಿಸಿದರು. ದೊಡ್ಡವರ ಯಾವ ಪ್ರಶ್ನೆಯಿಂದಲೂ ಚಿತ್ರೀಕರಣದ ಬಗ್ಗೆ ಅಷ್ಟು ವಿಷಯ ಹೊರಬಂದಿರಲಿಲ್ಲ.

ಉತ್ತರ (ಮಂಡ್ಯ):
ಕಾರು ಬೇಡ, ರೈಲಿನಲ್ಲಿ ಹೋಗಿ. ದಸರೆಯಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಮೊದಲ ಪ್ರದರ್ಶನ ಶುರುವಾಗಿರುತ್ತದೆ. ಮರಳುವ ರೈಲಿನ ಸಮಯವನ್ನು ನೋಡಿಕೊಂಡು ಕೊನೆಯ ಚಿತ್ರವನ್ನು ಆರಿಸಿಕೊಳ್ಳಿ. ಜನಜಂಗುಳಿ ತಾಯಿಯವರಿಗೆ ಆಗುವುದಿಲ್ಲವೆನಿಸಿದರೆ ರಂಗಾಯಣದ ಬಹುರೂಪಿ ರಾಷ್ಟ್ರೀಯ ನಾಟಕೋತ್ಸವದವರೆಗೆ ಕಾಯಬಹುದು. ಅಲ್ಲಿಯೂ ನಾಟಕಗಳ ಜೊತೆಗೆ ಚಲನಚಿತ್ರೋತ್ಸವ ಇರುತ್ತದೆ. ಅದು ನಡೆಯುವ ಕಲಾಮಂದಿರದ ಆವರಣದಲ್ಲಿ ಮರಗಳ ನೆರಳಿದೆ, ಊಟ ತಿಂಡಿಯ ಮಳಿಗೆಗಳೂ ಇರುತ್ತವೆ, ಚಿತ್ರ ಬೇಡವಾದವರು ಜನಪದ ಕಲೆಗಳನ್ನು ನೋಡುತ್ತಾ ಹೊರಗೆ ಕೂರಬಹುದು.