ನಾಯಿಗೆ ಔಷಧಿ ಹಾಕಿದರೂ ಮನೆಯಿಂದ ಚಿಗಟ ಹೋಗುತ್ತಿಲ್ಲ, ಸಹಾಯ ಮಾಡಿ

ಹೊಸನಗರ_ಹುಡುಗ:
ತಲೆ ಕೆಟ್ಟು ಹೋಗಿದೆ. ಮಳೆ ಹಿಡಿದಾಗಿನಿಂದ ಮನೆ ತುಂಬಾ ಚಿಗಟ. ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಪಾದದ ಗಂಟಿನ ಸುತ್ತ ಕಚ್ಚುತ್ತವೆ. ಅಮ್ಮನ ಕಾಲಿನ ತುಂಬಾ ಕೆಂಪು ಗಂಧೆ. ತಂಗಿಯ ಮಗು ಬಂದಿತ್ತು, ರಾತ್ರಿಯಿಡೀ ಅತ್ತು ಮಾರನೇ ದಿನವೇ ವಾಪಸ್ ಹೋದರು.
ಎಲ್ಲ ಮಾಡಿ ಆಯ್ತು. ಟಾಮಿಗೆ ಶಾಂಪೂ, ಪೌಡರ್, ಬೆನ್ನಿಗೆ ಬಿಡುವ ಹನಿ ಔಷಧಿ. ಮೂಲೆ ಮೂಲೆಗೂ ಜಿರಳೆ ಸ್ಪ್ರೇ. ಎರಡು ದಿನ ಕಡಿಮೆಯಾದ ಹಾಗೆ ಕಾಣುತ್ತದೆ, ಮತ್ತೆ ಶುರು. ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದಿದೆ? ಹೆಸರು ಹೇಳಿ ಸಾಕು, ಶಿವಮೊಗ್ಗದಿಂದ ತರಿಸುತ್ತೇನೆ.

ತುಂಗಾತೀರ:
ಹೊಸನಗರ ಅಂದಮೇಲೆ ಇದು ಚಿಗಟ ಅಲ್ಲ, ಉಣುಗು, ಅಂದರೆ ಉಣ್ಣೆ. ನಾಯಿ ಕಾಡಿಗೆ ಹೋಗುತ್ತದೆಯಾ? ಕೊಟ್ಟಿಗೆಗೆ ದರಗು ತರುತ್ತೀರಾ? ಒಣಗಿದ ಎಲೆಯ ಜೊತೆ ಉಣುಗಿನ ಮರಿ ಒಳಗೆ ಬರುತ್ತದೆ. ನಮ್ಮ ಕಡೆ ಇದನ್ನು ಹಗುರವಾಗಿ ತಗೋಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಜನರನ್ನು ಸಾಯಿಸುತ್ತಿದೆ. ಮೊದಲು ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಆಮೇಲೆ ಮುಂದಿನದು.

ಹೊಸನಗರ_ಹುಡುಗ:
ಅಣ್ಣ, ಉಣುಗು ನನಗೆ ಗೊತ್ತಿದೆ. ಇವು ಹಾರುತ್ತವೆ.

ತುಂಗಾತೀರ:
ಮರಿ ಉಣುಗು ಸಾಸಿವೆಗಿಂತ ಚಿಕ್ಕದು ತಮ್ಮಾ, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕೈಯಿಂದ ಬಿದ್ದರೂ ಹಾರಿದ ಹಾಗೆ ಅನ್ನಿಸುತ್ತದೆ. ಟಾಮಿಯ ಕಿವಿ ಒಳಗೆ, ಕಾಲ್ಬೆರಳಿನ ಸಂದಿಯಲ್ಲಿ ನೋಡಿದ್ದೀರಾ?

ಬೀದಿನಾಯಿ_ಅಕ್ಕ:
ತುಂಗಾತೀರ ಅವರೇ, ಅವರು ಮಳೆ ಹಿಡಿದಾಗಿನಿಂದ ಎನ್ನುತ್ತಿದ್ದಾರೆ. ಮರಿ ಉಣುಗಿನ ಕಾಟ ಜಾಸ್ತಿ ಇರುವುದು ಮಳೆ ಮುಗಿದ ಮೇಲೆ, ಬೇಸಿಗೆಯ ತನಕ. ಮಂಗನ ಕಾಯಿಲೆಯ ಕಾಲವೂ ಅದೇ ಅಲ್ವಾ? ಉಣುಗು ಕಚ್ಚಿದರೆ ಅಂಟಿಕೊಂಡೇ ಇರುತ್ತದೆ, ಹಾರುವುದಿಲ್ಲ.
ಸುಮ್ನೆ ವಾದ ಬೇಡ, ಒಂದು ಪರೀಕ್ಷೆ ಮಾಡಿ. ಹೇನು ತೆಗೆಯುವ ಸೀರಣಿಗೆಯಿಂದ ಟಾಮಿಯ ಬಾಲದ ಬುಡದಲ್ಲಿ ಬಾಚಿ. ಉದುರುವ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಒಣಗಿದ ರಕ್ತ. ಮಣ್ಣಾದರೆ ಕೆಂಪು ಬಿಡುವುದಿಲ್ಲ.
ಜೊತೆಗೆ ಇವಿಷ್ಟು ಹೇಳಿ: ಹನಿ ಔಷಧಿಯಲ್ಲಿ ಇರುವುದು ಯಾವ ರಾಸಾಯನಿಕ? ಟಾಮಿಯ ತೂಕ ಎಷ್ಟು? ಔಷಧಿ ಹಾಕಿದ ಎಷ್ಟು ದಿನಕ್ಕೆ ಸ್ನಾನ ಮಾಡಿಸಿದಿರಿ? ಮನೆಯಲ್ಲಿ ಬೇರೆ ಪ್ರಾಣಿ ಇವೆಯಾ?

ಮುಧೋಳ_ಪ್ರೇಮಿ:
ಇಷ್ಟಕ್ಕೆಲ್ಲ ಪ್ರಶ್ನೆಪತ್ರಿಕೆ ಯಾಕೆ ಅಕ್ಕಾವ್ರೇ? ದನಕ್ಕೆ ಹಾಕುವ ಡೆಲ್ಟಾಮೆಥ್ರಿನ್ ನೀರಿಗೆ ಬೆರೆಸಿ ನಾಯಿಗೂ ನೆಲಕ್ಕೂ ಹೊಡೆಯಿರಿ, ಮುಗೀತು. ನಮ್ಮಲ್ಲಿ ಮುಧೋಳ ನಾಯಿಗಳಿವೆ, ಒಂದರ ಮೈಮೇಲೂ ಚಿಗಟ ಇಲ್ಲ. ಕಾರಣ ಔಷಧಿ ಅಷ್ಟೇ ಅಲ್ಲ, ನಾಯಿಮನೆ ಕಟ್ಟಿದ ರೀತಿ. ಸಿಮೆಂಟ್ ನೆಲ, ನೀರು ಹರಿದು ಹೋಗಲು ಇಳಿಜಾರು, ಗೋಡೆ ನೆಲ ಸೇರುವ ಕಡೆ ಮೂಲೆಯೇ ಬರದ ಹಾಗೆ ದುಂಡಗೆ ಗಿಲಾವು. ಪೂರ್ವಕ್ಕೆ ಜಾಲರಿ ಬಾಗಿಲು, ಬೆಳಗಿನ ಬಿಸಿಲು ನೇರ ಒಳಗೆ. ಮಲಗಲು ಕಬ್ಬಿಣದ ಚೌಕಟ್ಟಿನ ಮಂಚ, ಮೇಲೆ ಪ್ಲಾಸ್ಟಿಕ್ ಪಟ್ಟಿ. ಬೇಕಿದ್ದರೆ ಅಳತೆ ಕೊಡುತ್ತೇನೆ.

ಬೀದಿನಾಯಿ_ಅಕ್ಕ:
ನಿಮ್ಮ ನಾಯಿಮನೆ ನಿಜಕ್ಕೂ ಚೆನ್ನಾಗಿದೆ. ಆದರೆ ಡೆಲ್ಟಾಮೆಥ್ರಿನ್ ಸಲಹೆ ಅಪಾಯ. ಅವರ ಮನೆಯಲ್ಲಿ ಬೆಕ್ಕು ಇದೆಯಾ ಇಲ್ಲವಾ ಅಂತ ನಮಗಿನ್ನೂ ಗೊತ್ತಿಲ್ಲ. ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಇವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಮೈ ನಡುಕ, ಫಿಟ್ಸ್ ಬಂದು ಸಾಯುತ್ತವೆ. ಔಷಧಿ ಹೊಡೆದ ನಾಯಿಯ ಪಕ್ಕ ಮಲಗಿದ ಬೆಕ್ಕುಗಳನ್ನೂ ಆ ಸ್ಥಿತಿಯಲ್ಲಿ ನಮ್ಮಲ್ಲಿಗೆ ತಂದಿದ್ದಾರೆ. ದಯವಿಟ್ಟು ಯಾರೂ ದನದ ಔಷಧಿಯನ್ನು ಅಂದಾಜಿನ ಮೇಲೆ ಬಳಸಬೇಡಿ.

ಮುಧೋಳ_ಪ್ರೇಮಿ:
ನಾನು ನಾಯಿ ಬಗ್ಗೆ ಹೇಳಿದ್ದು. ಪ್ರಶ್ನೆಯಲ್ಲಿ ಬೆಕ್ಕು ಎಲ್ಲಿದೆ?

ಸಿರ್ಸಿ_ಗಿಡಮೂಲಿಕೆ:
ವಿಷ ಯಾಕೆ ಬೇಕು? ಬಜೆ ಪುಡಿ ಮಾಡಿ ನಾಯಿ ಮಲಗುವ ಜಾಗಕ್ಕೆ ಉದುರಿಸಿ. ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕಿ. ನಾಯಿಯ ಮೈಗೆ ಬೇವಿನೆಣ್ಣೆ, ಊಟಕ್ಕೆ ಎರಡು ಎಸಳು ಬೆಳ್ಳುಳ್ಳಿ. ನಮ್ಮ ಅಜ್ಜಿಯ ಕಾಲದಿಂದ ಇದೇ.

ಬೀದಿನಾಯಿ_ಅಕ್ಕ:
ಹೊಗೆ ಹಾಕಿದರೆ ಸೊಳ್ಳೆ ಸ್ವಲ್ಪ ದೂರ ಹೋಗಬಹುದು. ನೆಲದ ಬಿರುಕಿನೊಳಗಿನ ಚಿಗಟದ ಮರಿಗೆ ಅದು ಮುಟ್ಟುವುದೇ ಇಲ್ಲ. ಬೆಳ್ಳುಳ್ಳಿ ಮಾತ್ರ ಬೇಡ ಅಕ್ಕ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಕರ್ಪೂರ, ನುಸಿಗುಳಿಗೆ ಇಡುವವರೂ ಇದ್ದಾರೆ, ಅವೂ ವಿಷ.

ಸಿರ್ಸಿ_ಗಿಡಮೂಲಿಕೆ:
ಬೆಳ್ಳುಳ್ಳಿ ತಿಂದ ನಮ್ಮ ನಾಯಿ ಹದಿನಾಲ್ಕು ವರ್ಷ ಬದುಕಿತ್ತು. ಎಲ್ಲದಕ್ಕೂ ಮೆಡಿಕಲ್ ಶಾಪ್ ಅಂದರೆ ನಾನು ಒಪ್ಪುವುದಿಲ್ಲ.

ಮೈಸೂರು_ಮಲ್ಲಿಗೆ:
ಒಂದು ಮಾತು. ಅಟ್ಟದಲ್ಲಿ ಇಲಿ ಸತ್ತಿವೆಯಾ ನೋಡಿದ್ದೀರಾ? ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಕೆಳಗೆ ಇಳಿದು ಮನುಷ್ಯರನ್ನು ಕಚ್ಚುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹರಡಿದ್ದು ಹಾಗೆಯೇ. ಪ್ಲೇಗ್ ಅಮ್ಮನ ಗುಡಿಗಳು ಅಲ್ಲಿ ಈಗಲೂ ಇವೆ.

ಹೊಸನಗರ_ಹುಡುಗ:
ಎಲ್ಲರಿಗೂ ಒಟ್ಟಿಗೆ ಉತ್ತರ. ಹತ್ತಿಯ ಪರೀಕ್ಷೆ ಮಾಡಿದೆ, ಕೆಂಪು ಬಿಟ್ಟಿತು. ಹನಿ ಔಷಧಿಯ ಡಬ್ಬಿ ಮೇಲೆ ಫಿಪ್ರೊನಿಲ್ ಅಂತಿದೆ. ಟಾಮಿ 18 ಕೆಜಿ ಇದ್ದಾನೆ. ಸ್ನಾನ ವಾರಕ್ಕೆ ಎರಡು ಸಲ, ಒಳಗೆ ಓಡಾಡುತ್ತಾನೆ ಅಂತ ಅಮ್ಮ ಬಿಡುವುದಿಲ್ಲ. ಔಷಧಿ ಹಾಕಿದ ಮಾರನೇ ದಿನವೂ ಸ್ನಾನ ಆಗಿತ್ತು.
ಬೇರೆ ಪ್ರಾಣಿ ಇಲ್ಲ. ಕೊಟ್ಟಿಗೆಯಲ್ಲಿ ಈಗ ದನ ಇಲ್ಲ. ಒಂದು ಬೆಕ್ಕು ಬರುತ್ತದೆ, ಆದರೆ ಅದು ನಮ್ಮದಲ್ಲ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಮರಿ ಹಾಕಿದೆ. ನಾವು ಅದರ ತಂಟೆಗೆ ಹೋಗಿಲ್ಲ. ಇಲಿ ಸತ್ತಿದ್ದು ಕಾಣಲಿಲ್ಲ.

ಮುಧೋಳ_ಪ್ರೇಮಿ:
ಬೆಕ್ಕು ಇದೆ ಅಂದಮೇಲೆ ನಾನು ಹೇಳಿದ ಔಷಧಿ ಬೇಡ. ಹೊಡೆಯಬೇಡಿ.

ಬೀದಿನಾಯಿ_ಅಕ್ಕ:
ಸಿಕ್ಕಿತು ನೋಡಿ. ಅಟ್ಟದ ಆ ಗೋಣಿಚೀಲವೇ ಕಾರ್ಖಾನೆ. ನಾಯಿಯ ಮೈಮೇಲೆ ಕಾಣುವುದೂ ಹೆಚ್ಚಾಗಿ ಬೆಕ್ಕಿನ ಚಿಗಟದ ಜಾತಿಯೇ. ನೀವು ಟಾಮಿಯ ಮೇಲೆ ಕೊಂದಷ್ಟೂ ಮೇಲಿನಿಂದ ಹೊಸವು ಇಳಿಯುತ್ತಿವೆ.
ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ. ಮೈಮೇಲೆ ಕಾಣುವ ದೊಡ್ಡ ಚಿಗಟ ಒಟ್ಟು ಸಂತಾನದಲ್ಲಿ ಶೇಕಡಾ 5ರಷ್ಟು ಮಾತ್ರ ಎಂದು ಲೆಕ್ಕ ಹಾಕುತ್ತಾರೆ. ಉಳಿದಿದ್ದು ಮೊಟ್ಟೆ, ಮರಿಹುಳ, ಗೂಡು. ಒಂದು ಹೆಣ್ಣು ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತದೆ. ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ಪ್ರಾಣಿ ಮಲಗಿದ ಕಡೆ ಉದುರುತ್ತದೆ. ಮರಿಹುಳಕ್ಕೆ ಬೆಳಕು ಆಗುವುದಿಲ್ಲ, ಬಿರುಕಿಗೆ, ಹಲಗೆಯ ಸಂದಿಗೆ ಇಳಿಯುತ್ತದೆ. ಅದರ ಆಹಾರ ನೀವು ಹತ್ತಿಯ ಮೇಲೆ ನೋಡಿದ ಆ ಕಪ್ಪು ಪುಡಿ. ಗಾಳಿಯಲ್ಲಿ ತೇವ ಇರಲೇಬೇಕು, ಒಣಗಿದರೆ ಸಾಯುತ್ತದೆ. ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಮೇಲೆ ರೇಷ್ಮೆಯಂಥ ಗೂಡು ಕಟ್ಟುತ್ತದೆ. ಅದಕ್ಕೆ ಧೂಳು ಅಂಟಿ ಕಣ್ಣಿಗೆ ಕಾಣುವುದಿಲ್ಲ, ಸ್ಪ್ರೇ ಒಳಗೆ ಹೋಗುವುದಿಲ್ಲ. ಓಡಾಟದ ಅದುರು, ಮೈಯ ಬಿಸಿ, ಉಸಿರು ತಾಗಿದರೆ ಹೊರಗೆ ಬರುತ್ತದೆ. ಏನೂ ತಾಗದಿದ್ದರೆ ತಿಂಗಳುಗಟ್ಟಲೆ ಒಳಗೇ ಕಾಯುತ್ತದೆ.
ಆದ್ದರಿಂದ ಸ್ಟ್ರಾಂಗ್ ಔಷಧಿ ಹುಡುಕುವುದು ಬಿಡಿ. ಎಲ್ಲ ಪ್ರಾಣಿಗೂ, ಮಲಗುವ ಜಾಗಕ್ಕೂ ಒಂದೇ ಸಲ ಕೈ ಹಾಕಿ. ಫಿಪ್ರೊನಿಲ್ ಚರ್ಮದ ಜಿಡ್ಡಿನಲ್ಲಿ ಹರಡಿ ಕೆಲಸ ಮಾಡುತ್ತದೆ. ಹಾಕುವ ಮುಂಚೆ ಎರಡು ದಿನ, ಆಮೇಲೆ ಎರಡು ದಿನ ಸ್ನಾನ ಬೇಡ. ವಾರಕ್ಕೆ ಎರಡು ಸಲ ಶಾಂಪೂ ಹಾಕಿದರೆ ತೊಳೆದು ಹೋಗುತ್ತದೆ. ಅಮ್ಮ ಸ್ನಾನ ಬಿಡುವುದಿಲ್ಲ ಅಂದರೆ ಪಶುವೈದ್ಯರ ಹತ್ತಿರ ನುಂಗಿಸುವ ಮಾತ್ರೆ ಕೇಳಿ. ಅಫಾಕ್ಸೊಲಾನರ್ ಒಂದು ತಿಂಗಳು, ಫ್ಲುರಾಲಾನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಟಾಮಿಗೆ ಮುಂಚೆ ಫಿಟ್ಸ್ ಬಂದಿದ್ದರೆ ಅದನ್ನು ತಪ್ಪದೆ ಹೇಳಿ, ಈ ಗುಂಪಿನ ಮಾತ್ರೆ ಅಂಥ ನಾಯಿಗೆ ಆಗದಿರಬಹುದು.
ಬೆಕ್ಕಿನ ಮರಿಗಳ ವಸಡು ನೋಡಿ. ಬಿಳಿಚಿದ್ದರೆ ರಕ್ತ ಹೀರಿ ಹೀರಿ ನಿಶ್ಶಕ್ತಿ ಆಗಿದೆ ಅಂತ ಅರ್ಥ. ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಚಿಗಟದಿಂದ ಮರಿ ಸಾಯುವುದು ನಿಜ. ಇಲ್ಲದಿದ್ದರೆ ದಿನಾ ಸೀರಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಹಾಕಿ. ಗೋಣಿಚೀಲ ಸುಟ್ಟುಬಿಡಿ. ಮರಿಗಳಿಗೆ ರಟ್ಟಿನ ಡಬ್ಬ, ಹಳೆ ಕಾಟನ್ ಬಟ್ಟೆ ಸಾಕು, ಎರಡು ದಿನಕ್ಕೊಮ್ಮೆ ಬಟ್ಟೆ ಬದಲಿಸಿ. ಟಾಮಿಯ ಕಂಬಳಿಯನ್ನು ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ನೆನೆಸಿ, ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ. ಈಗ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ.

ತುಂಗಾತೀರ:
ಚಿಗಟ ಅಂತ ಒಪ್ಪಿದೆ. ಆದರೂ ಮಳೆ ಕಳೆದ ಮೇಲೆ ಉಣುಗು ಬಂದೇ ಬರುತ್ತದೆ. ಆ ಮಾತ್ರೆ ಉಣುಗಿಗೂ ಆಗುತ್ತದೆ ಅಲ್ವಾ? ಹಾಗಾದರೆ ನಿಲ್ಲಿಸದೆ ಬೇಸಿಗೆಯವರೆಗೆ ಕೊಡಿ.

ಬೀದಿನಾಯಿ_ಅಕ್ಕ:
ಹೌದು, ಎರಡಕ್ಕೂ ಆಗುತ್ತದೆ. ಈ ಮಾತು ಸರಿ.

ಜರ್ಸಿ_ಕನ್ನಡಿಗ:
ಇಲ್ಲಿ ನ್ಯೂಜರ್ಸಿಯಲ್ಲಿ ನಮಗೂ ಬಂದಿತ್ತು. ವ್ಯಾಕ್ಯೂಮ್ ಇಲ್ಲದೆ ಚಿಗಟ ಹೋಗುವುದಿಲ್ಲ. ನಾವು ಎರಡು ಇಟ್ಟಿದ್ದೇವೆ. ಒಂದು ರೋಬೋಟ್, ನಾವು ಆಫೀಸಿಗೆ ಹೋದಾಗ ತಾನೇ ಓಡಾಡಿ ಚಾರ್ಜಿಗೆ ವಾಪಸ್ ಹೋಗುತ್ತದೆ. ಇನ್ನೊಂದು ಕೈಯಲ್ಲಿ ಹಿಡಿಯುವುದು, ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆ, ಮೆಟ್ಟಿಲಿಗೆ ಬೇರೆ ಬ್ರಷ್.

ಮುಧೋಳ_ಪ್ರೇಮಿ:
ನಿಮ್ಮದು ಕಾರ್ಪೆಟ್ ಮನೆ ಸರ್. ಇವರದು ಹಂಚಿನ ಮನೆ, ಹಲಗೆಯ ಅಟ್ಟ. ರೋಬೋಟ್ ಅಟ್ಟ ಹತ್ತುತ್ತದೆಯಾ?

ಜರ್ಸಿ_ಕನ್ನಡಿಗ:
ಕೈಯಲ್ಲಿ ಹಿಡಿಯುವುದು ಹತ್ತುತ್ತದೆ. ಸಂದಿಯಲ್ಲಿ ಇರುವುದನ್ನು ಪೊರಕೆಯಿಂದ ತೆಗೆಯಲು ಆಗುವುದಿಲ್ಲ, ಎಳೆದುಕೊಳ್ಳಬೇಕು. ಅದುರಿಗೆ ಗೂಡು ಒಡೆದು ಹೊರಬಂದವೂ ಸಿಗುತ್ತವೆ. ಊರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ. ಕಸವನ್ನು ಅವತ್ತೇ ಕಟ್ಟಿ ಹೊರಗೆ ಹಾಕಿ, ಇಲ್ಲದಿದ್ದರೆ ಒಳಗಿಂದಲೇ ಹೊರಗೆ ಬರುತ್ತವೆ.

ಹೊಸನಗರ_ಹುಡುಗ:
ಅಕ್ಕ, ನೀವು ಹೇಳಿದ ಹಾಗೆ ಮಾಡಿದೆ. ಟಾಮಿಗೆ ಡಾಕ್ಟರ್ ಮಾತ್ರೆ ಕೊಟ್ಟರು. ಗೋಣಿ ಸುಟ್ಟೆವು. ಶಾಲೆಯ ಮೇಷ್ಟ್ರ ಮನೆಯಿಂದ ವ್ಯಾಕ್ಯೂಮ್ ತಂದು ಅಟ್ಟ ಪೂರ್ತಿ ಎಳೆದೆ. ಆದರೆ ಮೊದಲಿಗಿಂತ ಜಾಸ್ತಿ ಕಚ್ಚುತ್ತಿವೆ! ಟಾಮಿಯ ಮೈಮೇಲೆ ಇವತ್ತೂ ಕಂಡವು. ಮಾತ್ರೆಗೆ ಕೊಟ್ಟ ದುಡ್ಡು ನೀರಿಗೆ ಹೋಯಿತಾ?

ಸಿರ್ಸಿ_ಗಿಡಮೂಲಿಕೆ:
ಬಜೆ ಒಂದು ಸಲ ನೋಡಬಹುದಿತ್ತು.

ಬೀದಿನಾಯಿ_ಅಕ್ಕ:
ಹೋಗಿಲ್ಲ. ಅಟ್ಟ ಅಲುಗಾಡಿಸಿದಿರಿ, ಕಾಯುತ್ತಿದ್ದ ಗೂಡುಗಳೆಲ್ಲ ಒಟ್ಟಿಗೆ ಒಡೆದವು. ಈಗ ಕಾಣುವುದು ಹೊಸದಾಗಿ ಹೊರಬಂದ ಚಿಗಟ. ಟಾಮಿಯನ್ನು ಕಚ್ಚಿದರೆ ಸಾಯುತ್ತದೆ. ಆದರೆ ಕಚ್ಚಬೇಕು, ಮಾತ್ರೆ ರಕ್ತದಲ್ಲಿದೆ. ಅದಕ್ಕೇ ಅವನನ್ನು ಹೊರಗೆ ಕಟ್ಟಬೇಡಿ, ಎಂದಿನಂತೆ ಒಳಗೇ ಓಡಾಡಲಿ. ಅವನಿಲ್ಲದಿದ್ದರೆ ನಿಮ್ಮನ್ನೇ ಕಚ್ಚುತ್ತವೆ. ಇನ್ನೂ ಕೆಲವು ವಾರ ಹೀಗೆ ಬರುತ್ತಾ ಇರುತ್ತವೆ, ಮೂರು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಮಾತ್ರೆ ತಪ್ಪಿಸಬೇಡಿ.
ಕಡಿಮೆ ಆಗುತ್ತಿದೆಯಾ ಅಂತ ತಿಳಿಯಲು ರಾತ್ರಿ ಜಗಲಿಯಲ್ಲಿ ಅಗಲ ತಟ್ಟೆಯಲ್ಲಿ ಸೋಪಿನ ನೀರು ಇಟ್ಟು, ಮೇಲೆ ಒಂದು ದೀಪ ಹಚ್ಚಿ. ಬೆಳಕಿಗೆ ಹಾರಿ ಬಂದು ಬೀಳುತ್ತವೆ. ಬೆಳಿಗ್ಗೆ ಎಣಿಸಿ ಬರೆದಿಡಿ. ಇದರಿಂದ ಚಿಗಟ ಮುಗಿಯುವುದಿಲ್ಲ, ಲೆಕ್ಕ ಮಾತ್ರ ಸಿಗುತ್ತದೆ.
ತಾಯಿ ಬೆಕ್ಕಿಗೆ ಏನು ಮಾಡಿದಿರಿ?

ಮೈಸೂರು_ಮಲ್ಲಿಗೆ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಮೊಲ ಇದೆ, ಅದೂ ಕೆರೆದುಕೊಳ್ಳುತ್ತಿದೆ. ಫಿಪ್ರೊನಿಲ್ ಹನಿ ಅದಕ್ಕೆ ಅರ್ಧ ಹಾಕಲಾ?

ಬೀದಿನಾಯಿ_ಅಕ್ಕ:
ಬೇಡ! ಒಂದು ಹನಿಯೂ ಬೇಡ. ಫಿಪ್ರೊನಿಲ್ ಮೊಲಕ್ಕೆ ವಿಷ, ಜೀವ ಹೋಗುತ್ತದೆ. ಮೊಲ ನೋಡುವ ಪಶುವೈದ್ಯರಿಗೇ ತೋರಿಸಿ. ಬೇರೆ ಚರ್ಚೆ ಶುರು ಮಾಡಿ, ನಾನು ಅಲ್ಲಿ ಬರೆಯುತ್ತೇನೆ.

ಹೊಸನಗರ_ಹುಡುಗ:
ತಾಯಿ ಬೆಕ್ಕು ಕೈಗೆ ಸಿಗುವುದಿಲ್ಲ. ಹಾಲು ಇಟ್ಟರೆ ಬರುತ್ತದೆ, ಮುಟ್ಟಿದರೆ ಪರಚುತ್ತದೆ. ಮರಿಗಳ ವಸಡು ಕೆಂಪಗೇ ಇದೆ. ಆದರೆ ಒಂದು ಮರಿಯ ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿತ್ತು, ಅಲುಗಾಡುತ್ತಿತ್ತು. ಅದೇನು?

ಬೀದಿನಾಯಿ_ಅಕ್ಕ:
ಲಾಡಿಹುಳದ ತುಂಡು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುತ್ತದೆ. ಪ್ರಾಜಿಕ್ವಾಂಟೆಲ್ ಕೊಡುತ್ತಾರೆ, ತೂಕಕ್ಕೆ ತಕ್ಕಂತೆ. ಎಲ್ಲ ಮರಿಗಳನ್ನೂ ಡಬ್ಬದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ, ಅಲ್ಲೇ ತೂಕ ಮಾಡಿಸಿ. ಟಾಮಿಗೂ ಹುಳದ ಔಷಧಿ ಕೇಳಿ.
ತಾಯಿಗೆ ಸೆಲಮೆಕ್ಟಿನ್ ಹನಿ ಇದೆ, ಹಾಲೂಡುವ ಬೆಕ್ಕಿಗೂ ನಡೆಯುತ್ತದೆ. ಡಾಕ್ಟರಿಗೆ ವಿಷಯ ಹೇಳಿ ಬರೆಸಿಕೊಳ್ಳಿ. ನಾಯಿಯ ಹನಿ ಮಾತ್ರ ಹಾಕಬೇಡಿ. ಹಿಡಿಯಲು ಹೋಗಬೇಡಿ. ಹಾಲಿನ ಬದಲು ಮೀನು ಇಡಿ, ದಿನಾ ಪಕ್ಕದಲ್ಲೇ ಸುಮ್ನೆ ಕೂತಿರಿ. ತಲೆ ತಗ್ಗಿಸಿ ತಿನ್ನುವಾಗ ಹಿಂದಿನಿಂದ ಕತ್ತಿನ ಕೂದಲು ಸರಿಸಿ ಚರ್ಮಕ್ಕೆ ತಾಗುವಂತೆ ಬಿಡಿ. ಒಂದು ಕ್ಷಣದ ಕೆಲಸ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಸಂತಾನಹರಣ ಚಿಕಿತ್ಸೆಯೂ ಆಗಬೇಕು, ಅದನ್ನೂ ಈಗಲೇ ಡಾಕ್ಟರ್ ಹತ್ತಿರ ಮಾತಾಡಿ ಬನ್ನಿ.

ತುಂಗಾತೀರ:
ಮೀನು ಅವರ ಮನೆಯಲ್ಲಿ ನಡೆಯುತ್ತದೋ ಇಲ್ಲವೋ.

ಹೊಸನಗರ_ಹುಡುಗ:
ನಡೆಯುವುದಿಲ್ಲ. ಪಕ್ಕದ ಮನೆಯವರಿಗೆ ಹೇಳಿದ್ದೇನೆ, ಅವರ ಅಂಗಳದಲ್ಲಿ ಇಡುತ್ತಾರಂತೆ. ಸೋಮವಾರ ಆಸ್ಪತ್ರೆಗೆ ಹೋಗಿ ಬಂದು ಬರೆಯುತ್ತೇನೆ.