ಬೀಥೋವನ್‌ನ 32 ಸೊನಾಟಾಗಳಲ್ಲಿ ನಿಮ್ಮದು ಯಾವುದು?

ಪ್ರಶ್ನೆ: ಬೀಥೋವನ್‌ನ 32 ಪಿಯಾನೋ ಸೊನಾಟಾಗಳನ್ನೂ (ಕೆಲವು ಭಾಗಗಳಿರುವ ಪಿಯಾನೋ ಕೃತಿಗಳು) ಒಂದು ಸುತ್ತು ಕೇಳಿ ಮುಗಿಸಿದೆ. ‘ಮೂನ್‌ಲೈಟ್’ ಮೊದಲಿಂದ ಇಷ್ಟ. ಈಗ ಒಂದನ್ನೇ ಹಿಡಿದು ತಿಂಗಳುಗಟ್ಟಲೆ ಕೇಳಬೇಕು ಅನ್ನಿಸುತ್ತಿದೆ. ಯಾವುದು ಅಂತ ಗೊತ್ತಾಗುತ್ತಿಲ್ಲ. ನೀವು ಹೇಗೆ ಆರಿಸಿಕೊಂಡಿರಿ?

ಉತ್ತರ: ನನ್ನದು 31ನೆಯದು, ಓಪಸ್ (ಅಂದರೆ ಕೃತಿ ಸಂಖ್ಯೆ) 110. ಮೊದಲ ಸಲ ಕೇಳಿದಾಗ ಹಿಡಿಸಿರಲಿಲ್ಲ. ಆಗ ನನಗೆ ಅವನದೇ ಆವೇಶದ ಸೊನಾಟಾ ‘ಅಪ್ಪಾಸಿಯೊನಾಟಾ’ದ ಗುಂಗು. ಅದರ ಮುಂದೆ ಇದು ತೀರಾ ಮೆತ್ತಗೆ ಅನ್ನಿಸಿತ್ತು.

ಆಮೇಲೆ ಕೊನೆಯ ಭಾಗವನ್ನು ಗಮನ ಕೊಟ್ಟು ಕೇಳಿದೆ. ಮೊದಲು ಒಂದು ದುಃಖದ ಹಾಡು. ಅದರ ಹಿಂದೆಯೇ ಒಂದು ಫ್ಯೂಗ್, ಅಂದರೆ ಒಂದೇ ರಾಗದೆಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ. ಅದು ನಿಧಾನವಾಗಿ ಮೇಲೇರುತ್ತಾ ಹೋಗುತ್ತದೆ. ಇನ್ನೇನು ಗೆದ್ದಿತು ಅನ್ನುವಾಗ ಅದೇ ಹಾಡು ವಾಪಸ್ ಬರುತ್ತದೆ. ಈ ಸಲ ಸ್ವರಗಳ ಮಧ್ಯೆ ಮಧ್ಯೆ ಬಿಡುವು. ಅತ್ತು ಅತ್ತು ಉಸಿರು ಸಿಕ್ಕಿಕೊಂಡವರು ಮಾತಾಡಿದ ಹಾಗೆ. ಬೀಥೋವನ್ 1821ರಲ್ಲಿ ಕಾಮಾಲೆಯಿಂದ ನರಳಿದ್ದ, ಕಿವಿಯಂತೂ ಹೋಗಿಯೇ ಬಿಟ್ಟಿತ್ತು. ಹಸ್ತಪ್ರತಿಯ ಮೇಲಿನ ತಾರೀಖು ಅದೇ ವರ್ಷದ ಡಿಸೆಂಬರ್ 25.

ಹಾಡು ಮುಗಿದ ಮೇಲೆ ಒಂದೇ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ಜಾಸ್ತಿ ಗಟ್ಟಿ. ಪಿಯಾನೋ ಕಲಿಯುವಾಗ ಇಷ್ಟನ್ನು ಮಾತ್ರ ನುಡಿಸಿ ನೋಡಿದ್ದೆ. ಶುರುವಿನಲ್ಲೇ ಬೆರಳು ಕೊಂಚ ಭಾರ ಬಿದ್ದರೆ ಮುಗಿಯಿತು, ಬೆಳೆಯೋಕೆ ಜಾಗವೇ ಉಳಿಯುವುದಿಲ್ಲ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಶುರು ಮಾಡಬೇಕು. ಆಮೇಲೆ ಅದೇ ಫ್ಯೂಗ್ ತಲೆಕೆಳಗಾಗಿ ಬರುತ್ತದೆ. ಮೊದಲು ಹತ್ತಿದ ಮೆಟ್ಟಿಲನ್ನೇ ಈಗ ಇಳಿಯುತ್ತದೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಒಂದೇ ಕಲಾವಿದರ ಕೈಯಲ್ಲಿ ಕೇಳಿ ತೀರ್ಮಾನಕ್ಕೆ ಬರಬೇಡಿ. ಪಿಯಾನೋ ವಾದಕ ಆರ್ಟುರ್ ಶ್ನಾಬೆಲ್ 1930ರ ದಶಕದಲ್ಲಿ ಎಲ್ಲ 32ನ್ನೂ ಧ್ವನಿಮುದ್ರಿಸಿದ್ದರು. ಗೊರಗೊರ ಸದ್ದಿದೆ ನಿಜ, ಆದರೂ ಕೇಳಿ.

ಇನ್ನೊಬ್ಬರು: ನನಗೆ ಓಪಸ್ 81ಎ, ‘ಲೆ ಝಾಡ್ಯೂ’. 1809ರಲ್ಲಿ ನೆಪೋಲಿಯನ್‌ನ ಸೇನೆ ವಿಯೆನ್ನಾದತ್ತ ಬರುತ್ತಿದ್ದಾಗ ಬೀಥೋವನ್‌ನ ಶಿಷ್ಯ, ರಾಜಕುಮಾರ ರುಡಾಲ್ಫ್ ಊರು ಬಿಡಬೇಕಾಯಿತು. ಬೀಳ್ಕೊಡುಗೆ, ಅಗಲಿಕೆ, ಮರಳಿ ಬಂದದ್ದು ಅಂತ ಮೂರು ಭಾಗ. ಮೊದಲ ಮೂರು ಕಾರ್ಡ್‌ಗಳ ಮೇಲೆ ‘ಲೆ-ಬೆ-ವೋಲ್’ ಎಂದು ಬರೆದಿದ್ದಾನೆ. ಜರ್ಮನ್‌ನಲ್ಲಿ ‘ಹೋಗಿ ಬಾ’ ಅಂದ ಹಾಗೆ. ಮಗಳನ್ನು ಓದಲು ದೂರದ ಊರಿಗೆ ಬಿಟ್ಟು ಬಂದ ವಾರ ಪೂರ್ತಿ ಇದನ್ನೇ ಹಾಕಿಕೊಂಡಿದ್ದೆ. ಎರಡನೆಯ ಭಾಗ ನಿಲ್ಲದೆ ಸೀದಾ ಮೂರನೆಯದಕ್ಕೆ ನುಗ್ಗುತ್ತದಲ್ಲ, ಬಾಗಿಲಲ್ಲಿ ಅವಳೇ ಬಂದು ನಿಂತ ಹಾಗಾಗುತ್ತಿತ್ತು.

ಮತ್ತೊಬ್ಬರು: ‘ಮೂನ್‌ಲೈಟ್’ ಇಷ್ಟ ಅಂದಿರಿ ಅಲ್ವಾ? ಅದನ್ನೇ ಯಾಕೆ ಇಟ್ಟುಕೊಳ್ಳಬಾರದು? ಆ ಹೆಸರು ಬೀಥೋವನ್ ಇಟ್ಟದ್ದಲ್ಲ, ಅವನು ತೀರಿಕೊಂಡ ಮೇಲೆ ಬಂದದ್ದು. ಬೆಳದಿಂಗಳನ್ನು ಮರೆತು ಮೂರನೆಯ ಭಾಗದಿಂದ ಶುರು ಮಾಡಿ. ಅದು ಬಿರುಗಾಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಾತ್ರಿ 110. ಆ ಕಾರ್ಡ್‌ಗಳು ಬರುವವರೆಗೆ ಸುಮ್ನೆ ಕೂತಿರುತ್ತೇನೆ.