ಟ್ರಕೋಮಾ ಹೋಯಿತೆಂದ ಮೇಲೂ ರೆಪ್ಪೆ ಮಗುಚಿ ನೋಡಬೇಕೇ?

ಪ್ರಶ್ನೆ: 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಟ್ರಕೋಮಾ (ಕುರುಡು ತರಬಲ್ಲ ಕಣ್ಣಿನ ಸೋಂಕು) ನಿರ್ಮೂಲನೆಯ ಮಾನ್ಯತೆ ಕೊಟ್ಟಿತು. ಆದರೂ ರಾಜಸ್ಥಾನ, ಹರಿಯಾಣದ ಕಡೆ ವಯಸ್ಸಾದವರಲ್ಲಿ ರೆಪ್ಪೆಗೂದಲು ಒಳಕ್ಕೆ ತಿರುಗಿರುವುದು ಸಿಗುತ್ತದಲ್ಲ, ಅದು ಹೊಸ ಸೋಂಕೇ? ಕೂದಲು ಕಿತ್ತು ಕಳಿಸಿದರೆ ಸಾಕೇ?

ಉತ್ತರ 1: ಬಹುಪಾಲು ಹಳೆಯದೇ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ತಗುಲಿದ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು, ಅಂದರೆ ಟ್ರಕೋಮಾ, ಮೇಲ್ರೆಪ್ಪೆಯ ಒಳಪದರದಲ್ಲಿ ಕಲೆ ಕಟ್ಟುತ್ತದೆ. ಸೋಂಕು ನಿಂತು ದಶಕಗಳಾದರೂ ಆ ಕಲೆ ಬಿಗಿಯುತ್ತಾ ರೆಪ್ಪೆಯಂಚನ್ನು ಒಳಕ್ಕೆಳೆಯುತ್ತದೆ, ಕೂದಲು ಕಾರ್ನಿಯಾ (ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರ) ಉಜ್ಜುತ್ತದೆ. ಮಾನ್ಯತೆ ಅಂದರೆ ಒಂದೂ ಕೇಸಿಲ್ಲ ಎಂದಲ್ಲ. 1ರಿಂದ 9 ವರ್ಷದ ಮಕ್ಕಳಲ್ಲಿ ಸಕ್ರಿಯ ರೋಗ 5%ಗಿಂತ ಕಡಿಮೆ, 15 ದಾಟಿದವರಲ್ಲಿ ಆರೋಗ್ಯ ಇಲಾಖೆಗೆ ಗೊತ್ತಿರದ ಟ್ರೈಕಿಯಾಸಿಸ್ (ಕೂದಲು ಒಳತಿರುಗಿ ಗುಡ್ಡೆಗೆ ತಾಗುವುದು) 0.2%ಗಿಂತ ಕಡಿಮೆ ಇರಬೇಕು. ಮುಂದೆ ಬರುವವರಿಗೆ ಶಸ್ತ್ರಚಿಕಿತ್ಸೆ ಮಾಡುವ ಏರ್ಪಾಡೂ ಇರಬೇಕು. ಎಲ್ಲರೂ ಮರೆಯುವುದು ಈ ಕೊನೆಯದನ್ನೇ.

ಉತ್ತರ 2: ನೋಡುವ ಕ್ರಮ ಮುಖ್ಯ. 2.5 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ), ಒಳ್ಳೆಯ ಟಾರ್ಚ್ ಬೇಕು. ಮೊದಲು ರೆಪ್ಪೆ ಮುಟ್ಟದೆ, ನೇರ ನೋಡಲು ಹೇಳಿ, ಕೂದಲು ಗುಡ್ಡೆಗೆ ತಾಗುತ್ತಿದೆಯೇ ನೋಡಿ. ಆಮೇಲೆ ಮಗುಚಿ. ಹಲವರು ಮನೆಯಲ್ಲೇ ಕಿತ್ತುಕೊಂಡು ಬಂದಿರುತ್ತಾರೆ. ಇತ್ತೀಚೆಗೆ ಕಿತ್ತ ಗುರುತಿದ್ದರೂ ಟ್ರೈಕಿಯಾಸಿಸ್ ಎಂದೇ ಬರೆಯಿರಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಕಿತ್ತ ಕೂದಲು ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ನಡುವೆ ತುಂಡಾದರೆ ಮೋಟು ಕೂದಲು ಇನ್ನೂ ಚುಚ್ಚುತ್ತದೆ. ನಾಲ್ಕೈದೇ ಕೂದಲಿದ್ದು ಶಸ್ತ್ರಚಿಕಿತ್ಸೆಗೆ ಒಪ್ಪದವರಿಗೆ ಬಾಯಿ ಸರಿಯಾಗಿ ಕೂಡುವ ಚಿಮಟ ಕೊಟ್ಟು, ಆಗಾಗ ಕರೆಸಿ ನೋಡಬಹುದು. ಉಳಿದವರಿಗೆ ರೆಪ್ಪೆಯಂಚನ್ನು ಹೊರಕ್ಕೆ ತಿರುಗಿಸುವ ಶಸ್ತ್ರಚಿಕಿತ್ಸೆಯೇ ಬೇಕು. ಕೊಯ್ತ ಗಿಡ್ಡವಾದರೆ ಬದಿಯ ಕೂದಲು ಒಳಗೇ ಉಳಿಯುತ್ತದೆ, ಹೊಲಿಗೆಯ ಬಿಗಿ ಸಮವಿಲ್ಲದಿದ್ದರೆ ಅಂಚು ಸೊಟ್ಟಗಾಗುತ್ತದೆ. ಕೂದಲು ಮರಳಿ ತಿರುಗುವುದೂ ಉಂಟು, ಹಾಗಾಗಿ 3ರಿಂದ 6 ತಿಂಗಳಲ್ಲಿ ಮತ್ತೆ ಪರೀಕ್ಷಿಸಿ. ಕಾರ್ನಿಯಾದ ಮಚ್ಚೆ ಇದರಿಂದ ಹೋಗುವುದಿಲ್ಲ ಎಂದು ರೋಗಿಗೆ ಮೊದಲೇ ತಿಳಿಸಿ.

ಉತ್ತರ 3: ಮನೆಯ ಮಕ್ಕಳನ್ನೂ ನೋಡಿ. ಮೇಲ್ರೆಪ್ಪೆಯೊಳಗೆ ನಡುಭಾಗದಲ್ಲಿ ಕನಿಷ್ಠ 0.5 ಮಿ.ಮೀ. ಅಗಲದ 5 ಗುಳ್ಳೆಗಳಿದ್ದರೆ ಸಕ್ರಿಯ ಎಂದು ಲೆಕ್ಕ. ಅಲರ್ಜಿಯಲ್ಲೂ ವೈರಸ್ ಸೋಂಕಲ್ಲೂ ಗುಳ್ಳೆ ಬರುತ್ತವೆ, ಒಂದು ಮಗು ನೋಡಿ ಊರಿಗೆ ರೋಗ ಹಚ್ಚಬೇಡಿ. ಸೋಂಕಿಗೆ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಮೈತೂಕದ ಕೆ.ಜಿ.ಗೆ 20 ಮಿ.ಗ್ರಾಂ., ಒಂದೇ ಡೋಸ್, ದೊಡ್ಡವರಿಗೆ 1 ಗ್ರಾಂ. 6 ತಿಂಗಳೊಳಗಿನ ಕೂಸಿಗೆ 1% ಟೆಟ್ರಾಸೈಕ್ಲಿನ್ ಮುಲಾಮು, ದಿನಕ್ಕೆರಡು ಸಲ, 6 ವಾರ. ಗೀಜು, ಸಿಂಬಳ ಒರೆಸಿದ ಸೆರಗಿನಲ್ಲೇ ಇನ್ನೊಂದು ಮಗುವಿನ ಮುಖ ಒರೆಸಿದರೆ ಔಷಧಿ ಕೊಟ್ಟೂ ಸೋಂಕು ಮರಳುತ್ತದೆ.